ಹಳ್ಳಿಯ ವೈದ್ಯವೃತ್ತಿ ಮತ್ತು ಕ್ಲಿನಿಕಲ್ ಸಂಶೋಧನೆ: ಎರಡನ್ನೂ ಒಬ್ಬರೇ ಮಾಡಲು ಸಾಧ್ಯವೇ?

ಶಿಂಷಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯಲ್ಲಿ ಎಂಬಿಬಿಎಸ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮೂರು ಮಳವಳ್ಳಿ ತಾಲ್ಲೂಕಿನ ಒಂದು ಚಿಕ್ಕ ಹಳ್ಳಿ. ಮನೆಯಲ್ಲಿ ರಾಗಿ, ಭತ್ತ, ಸ್ವಲ್ಪ ರೇಷ್ಮೆ ಬೆಳೆಯುತ್ತಾರೆ. ವೈದ್ಯಕೀಯ ಓದಿದವರಲ್ಲಿ ನಮ್ಮ ಮನೆತನಕ್ಕೆ ನಾನೇ ಮೊದಲಿಗಳು. ಎರಡು ವಿಷಯಗಳ ಬಗ್ಗೆ ಅನುಭವಸ್ಥರ ಅಭಿಪ್ರಾಯ ಬೇಕಾಗಿದೆ. ನನ್ನ ಮನಸ್ಸಿನಲ್ಲಿ ಅವೆರಡೂ ಬೆಸೆದುಕೊಂಡಿರುವುದರಿಂದ ಒಟ್ಟಿಗೇ ಕೇಳುತ್ತಿದ್ದೇನೆ.

ಕಳೆದ ತಿಂಗಳು ಗ್ರಾಮೀಣ ಆರೋಗ್ಯ ಕೇಂದ್ರದ ಪೋಸ್ಟಿಂಗ್ ಮುಗಿಸಿ ಕಾಲೇಜಿನ ಬಸ್ಸಿನಲ್ಲಿ ಹಿಂತಿರುಗುವಾಗ ಮುಂದೇನು ಎಂಬ ಮಾತು ಬಂತು. ಒಬ್ಬರು ರೇಡಿಯಾಲಜಿ ಎಂದರು, ಇಬ್ಬರು ಚರ್ಮರೋಗ ಎಂದರು, ಉಳಿದವರು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಯಲ್ಲಿ ಬರುವ ರ‍್ಯಾಂಕ್ ನೋಡಿಕೊಂಡು ನಿರ್ಧರಿಸುವುದಾಗಿ ಹೇಳಿದರು. ನಾನು ಹಳ್ಳಿಯಲ್ಲಿ ಸಾಮಾನ್ಯ ವೈದ್ಯಳಾಗಿ ಕೆಲಸ ಮಾಡಬೇಕೆಂದಿದ್ದೇನೆ ಎಂದಾಗ ಬಸ್ಸಿನಲ್ಲಿ ಮಾತು ನಿಂತುಹೋಯಿತು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ನನ್ನ ಕೈ ಹಿಡಿದು, 'ಇಷ್ಟು ಚೆನ್ನಾಗಿ ಓದ್ತೀಯ, ಬರೀ ಎಂಬಿಬಿಎಸ್‌ಗೇ ನಿಲ್ಲಿಸಿಬಿಡ್ತೀಯಾ?' ಎಂದು ಕೇಳಿದಳು. ಆ ಮಾತಿನಲ್ಲಿ ತಾತ್ಸಾರವಿರಲಿಲ್ಲ, ನಿಜವಾದ ಕಳವಳವಿತ್ತು. ತಾತ್ಸಾರವಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಕಳವಳಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲ.

ಎರಡನೆಯದು ಕ್ಲಿನಿಕಲ್ ಸಂಶೋಧನೆ, ಅಂದರೆ ರೋಗಿಗಳ ನಡುವೆಯೇ ನಡೆಸುವ ಅಧ್ಯಯನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು (ಐಸಿಎಂಆರ್) ಪದವಿ ವಿದ್ಯಾರ್ಥಿಗಳಿಗೆ ನೀಡುವ ಎರಡು ತಿಂಗಳ ವಿದ್ಯಾರ್ಥಿವೇತನದಲ್ಲಿ ನಾನು ಒಂದು ಸಣ್ಣ ಅಧ್ಯಯನ ಮಾಡಿದ್ದೆ. ರಕ್ತದೊತ್ತಡದ ಮಾತ್ರೆಗಳನ್ನು ನಡುವೆಯೇ ನಿಲ್ಲಿಸಿದವರು ಏಕೆ ನಿಲ್ಲಿಸಿದರು ಎಂಬುದು ವಿಷಯ. ಮನೆಮನೆಗೆ ಹೋಗಿ ಕೇಳಿದಾಗ, ಹಣದ ತೊಂದರೆಗಿಂತ ಹೆಚ್ಚಾಗಿ ನಾನು ಕೇಳಿದ ಉತ್ತರಗಳು ಎರಡು. ಒಂದು, 'ಬಿಪಿ ನಾರ್ಮಲ್ ಆಯ್ತು ಅಂದ್ರಲ್ಲ, ಇನ್ಯಾಕೆ ಮಾತ್ರೆ' ಎಂಬುದು. ಇನ್ನೊಂದು, ಈ ಸಲ ಕೊಟ್ಟ ಮಾತ್ರೆಯ ಬಣ್ಣ ಬೇರೆಯಾಗಿತ್ತು, ತಪ್ಪಿ ಕೊಟ್ಟಿದ್ದಾರೆಂದು ಹೆದರಿ ಬಿಟ್ಟೆವು ಎಂಬುದು. ಮಾತ್ರೆಯ ಬಣ್ಣದ ವಿಚಾರ ನನ್ನ ಪ್ರಶ್ನಾವಳಿಯಲ್ಲಿ ಇರಲೇ ಇಲ್ಲ. ಆ ಸಂಜೆ ನನಗಾದ ಸಂತೋಷ ಯಾವ ಪರೀಕ್ಷೆಯಲ್ಲಿ ಬಂದ ಅಂಕದಿಂದಲೂ ಆಗಿರಲಿಲ್ಲ.

ಈ ಎರಡೂ ಆಸೆಗಳನ್ನು ನಾನು ಗೌರವಿಸುವ ಅಧ್ಯಾಪಕರೊಬ್ಬರಲ್ಲಿ ಹೇಳಿಕೊಂಡಾಗ, ಸಂಶೋಧನೆ ಬೇಕಾದರೆ ದೊಡ್ಡ ಸಂಸ್ಥೆಗೆ ಹೋಗು, ಹಳ್ಳಿ ಬೇಕಾದರೆ ಸೇವೆ ಮಾಡು, ಎರಡು ದೋಣಿಯಲ್ಲಿ ಕಾಲಿಡಬೇಡ ಎಂದರು. ಸಹಪಾಠಿಗಳಿಗಂತೂ ಸಂಶೋಧನೆ ಎಂದರೆ ಪಿಜಿಯಲ್ಲಿ ಬರೆಯಲೇಬೇಕಾದ ಪ್ರಬಂಧ, ಇಲ್ಲವೇ ಕಂಪನಿಗಳ ಔಷಧ ಪ್ರಯೋಗ. ಅಧ್ಯಾಪಕರು ಹೇಳಿದ್ದು ನಿಜವೇ? ಹಳ್ಳಿಯಲ್ಲಿದ್ದುಕೊಂಡೇ ಒಳ್ಳೆಯ ಕ್ಲಿನಿಕಲ್ ಸಂಶೋಧನೆ ಮಾಡಲು ಸಾಧ್ಯವೇ? ಸಾಧ್ಯವಾದರೆ ಈಗಿನಿಂದ ಏನನ್ನು ಕಲಿತುಕೊಳ್ಳಬೇಕು?

ಕಬಿನಿವೈದ್ಯ (ಉತ್ತರ)

ತಂಗಿ, ನಾನು ಹೆಗ್ಗಡದೇವನಕೋಟೆ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಹನ್ನೊಂದು ವರ್ಷಗಳಿಂದ ವೈದ್ಯಾಧಿಕಾರಿಯಾಗಿದ್ದೇನೆ. 'ಬರೀ ಎಂಬಿಬಿಎಸ್' ಎಂಬ ಮಾತನ್ನು ಸಂಬಂಧಿಕರಿಂದಲೂ, ಹೆಣ್ಣು ನೋಡಲು ಹೋದ ಮನೆಯಲ್ಲೂ, ಕೆಲವೊಮ್ಮೆ ನಾನೇ ಪತ್ರ ಬರೆದು ಕಳುಹಿಸಿದ ರೋಗಿಯ ಮೂಲಕ ದೊಡ್ಡ ಆಸ್ಪತ್ರೆಯಿಂದಲೂ ಕೇಳಿದ್ದೇನೆ. ಮೊದಲ ಎರಡು ವರ್ಷ ನೋವಾಗುತ್ತಿತ್ತು. ಆಮೇಲೆ ನನ್ನ ಕೆಲಸ ನನಗೆ ಅರ್ಥವಾಗತೊಡಗಿದಂತೆ ನೋವು ಕಡಿಮೆಯಾಯಿತು.

ಹಳ್ಳಿಯಲ್ಲಿ ಬರೀ ನೆಗಡಿ, ಜ್ವರ ಎಂಬ ನಂಬಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ದೊಡ್ಡ ಆಸ್ಪತ್ರೆಯಲ್ಲಿ ರೋಗಿ ನಿಮ್ಮ ಮುಂದೆ ಬರುವ ಹೊತ್ತಿಗೆ ಮೂರು ಜನ ನೋಡಿ, ಹೆಸರಿಟ್ಟು, ಕಾಗದ ಬರೆದಿರುತ್ತಾರೆ. ನಮ್ಮಲ್ಲಿಗೆ ಬರುವ ರೋಗಕ್ಕೆ ಇನ್ನೂ ಹೆಸರಿರುವುದಿಲ್ಲ. ಹೆಸರಿಲ್ಲದ ಸಂಕಟದಿಂದ ಹೆಸರಿನವರೆಗೆ ಹೋಗುವ ದಾರಿಯೇ ಕ್ಲಿನಿಕಲ್ ವೈದ್ಯಕೀಯದ ಕಠಿಣ ಭಾಗ ಎಂದು ನಾನು ನಂಬಿದ್ದೇನೆ.

ಹಾವು ಕಡಿತದ ವಿಷಯ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಎರಡು ಭಾಗಗಳೂ ನನ್ನ ಪಾಲಿಗೆ ಅಲ್ಲಿಯೇ ಕೂಡಿಕೊಂಡವು. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಎದುರಾಗಿ ತಯಾರಾದದ್ದು. ಅದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂಬುದು ಸಾಬೀತಾಗಿರುವುದರಿಂದ, ಒಂದು ಕಡೆಯ ವಿಷದಿಂದ ತಯಾರಾದ ಮದ್ದು ನಮ್ಮ ಕಾಡಂಚಿನ ಕೊಳಕುಮಂಡಲಕ್ಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದು ನನಗೆ ಪುಸ್ತಕದ ಪ್ರಶ್ನೆಯಲ್ಲ. ರಾತ್ರಿ ಎರಡು ಗಂಟೆಗೆ ಹತ್ತು ವಯಲ್ (ಮದ್ದಿನ ಸಣ್ಣ ಸೀಸೆ) ಹಾಕಿದ ಮೇಲೂ ಒಸಡಿನಿಂದ ರಕ್ತ ಒಸರುತ್ತಿರುವ ಮನುಷ್ಯನ ಪಕ್ಕದಲ್ಲಿ ನಿಂತಾಗ ಏಳುವ ಪ್ರಶ್ನೆ ಅದು.

ನಮ್ಮಲ್ಲಿರುವ ಪರೀಕ್ಷೆ ಅತ್ಯಂತ ಸರಳ. ಒಣಗಿದ, ಶುದ್ಧವಾದ ಗಾಜಿನ ಕೊಳವೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟಿರದಿದ್ದರೆ ವಿಷ ರಕ್ತಕ್ಕೆ ತಾಗಿದೆ ಎಂದು ಅರ್ಥ. ಕೊಳವೆ ಪ್ಲಾಸ್ಟಿಕ್ಕಿನದ್ದಾದರೆ, ಅಥವಾ ಸಾಬೂನಿನ ಪುಡಿಯಲ್ಲಿ ತೊಳೆದದ್ದಾದರೆ, ಆರೋಗ್ಯವಂತನ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಇದನ್ನು ನಾನು ಓದಿ ಕಲಿತದ್ದಲ್ಲ. ಒಂದು ಮಳೆಗಾಲದಲ್ಲಿ ಸತತವಾಗಿ ಹಲವರ ರಕ್ತ ಹೆಪ್ಪುಗಟ್ಟದೇ ಇದ್ದಾಗ ಅನುಮಾನ ಬಂದು, ನನ್ನ ರಕ್ತವನ್ನೇ ತೆಗೆದು ಹಾಕಿ ನೋಡಿದೆ. ಅದೂ ಹೆಪ್ಪುಗಟ್ಟಲಿಲ್ಲ. ಕೊಳವೆಗಳನ್ನು ತೊಳೆಯುವ ವಿಧಾನ ಬದಲಾಗಿತ್ತು. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ: ಕಡಿದ ಹೊತ್ತು, ಜಾಗ, ಹೊಲವೋ ಹಾಡಿಯೋ (ಕಾಡಂಚಿನ ಆದಿವಾಸಿಗಳ ಕೇರಿ), ಹಗ್ಗ ಬಿಗಿದಿದ್ದರೇ, ಮೊದಲು ಯಾರ ಬಳಿ ಹೋದರು, ಎಷ್ಟು ವಯಲ್, ಆರು ಗಂಟೆಯ ನಂತರದ ಪರೀಕ್ಷೆ, ಮದ್ದಿನಿಂದಾದ ಅಲರ್ಜಿ, ಕೊನೆಗೆ ಏನಾಯಿತು.

ಪ್ರತಿವಿಷದಿಂದಾಗುವ ಅಲರ್ಜಿಯ ಭಯದಿಂದ ಮದ್ದನ್ನೇ ಕೊಡದೆ ಮುಂದಿನ ಆಸ್ಪತ್ರೆಗೆ ಸಾಗಹಾಕುವುದು ನಮ್ಮ ಕಡೆಯ ದೊಡ್ಡ ಸಮಸ್ಯೆ. ಆ ಭಯಕ್ಕೆ ಉತ್ತರ ಬಂದದ್ದು ಶ್ರೀಲಂಕಾದಿಂದ. ಅಲ್ಲಿನ ಆಸ್ಪತ್ರೆಗಳಲ್ಲಿ ಹಾವು ಕಡಿದ 1007 ರೋಗಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ರತಿವಿಷಕ್ಕೆ ಮೊದಲು ಅಲ್ಪ ಪ್ರಮಾಣದ ಅಡ್ರಿನಲಿನ್ ಕೊಟ್ಟರೆ ಮೊದಲ ಒಂದು ಗಂಟೆಯಲ್ಲಿ ತೀವ್ರ ಅಲರ್ಜಿ ಶೇ. 43ರಷ್ಟು ಕಡಿಮೆಯಾಗುತ್ತದೆ ಎಂದು ಗೊತ್ತಾಯಿತು. ನಾವೆಲ್ಲ ರೂಢಿಯಂತೆ ಕೊಡುತ್ತಿದ್ದ ಹೈಡ್ರೊಕಾರ್ಟಿಸೋನ್‌ನಿಂದ ಅಂಥ ಪ್ರಯೋಜನ ಕಾಣಲಿಲ್ಲ. ಹಾವು ಕಡಿಯುವ ನಾಡಿನಲ್ಲಿ ಮಾತ್ರ ಮಾಡಬಹುದಾದ ಸಂಶೋಧನೆ ಅದು. ನಿಮ್ಮ ಅಧ್ಯಾಪಕರು ಹೇಳುವ ದೊಡ್ಡ ಸಂಸ್ಥೆಗೆ ಆ ರೋಗಿ ತಲುಪುವಷ್ಟರಲ್ಲಿ ಪ್ರಶ್ನೆಯೇ ಮುಗಿದಿರುತ್ತದೆ.

ನನ್ನ ನೋಟ್‌ಬುಕ್ ಇಂದಿಗೂ ಮೇಜಿನ ಖಾನೆಯಲ್ಲಿದೆ, ಅದರಿಂದ ಒಂದು ಸಾಲೂ ಪ್ರಕಟವಾಗಿಲ್ಲ. ಮೊದಲೇ ನೈತಿಕ ಸಮಿತಿಯ (ಸಂಶೋಧನೆ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ಪರಿಶೀಲಿಸುವ ಸಮಿತಿ) ಒಪ್ಪಿಗೆ ಪಡೆಯಬೇಕೆಂದು ನನಗೆ ತಿಳಿದಿರಲಿಲ್ಲ, ಕೆಲವು ಕಾಲಂಗಳನ್ನು ಅರ್ಧದಿಂದ ಶುರು ಮಾಡಿದ್ದೇನೆ, ಲೆಕ್ಕ ಹಾಕುವುದು ಹೇಗೆಂದು ಗೊತ್ತಿಲ್ಲ. ಐದೂವರೆ ವರ್ಷ ಓದಿದ ಕಾಲೇಜಿನಲ್ಲಿ ಯಾರೂ ನನಗೆ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳುವುದನ್ನು ಕಲಿಸಲಿಲ್ಲ. ಇದು ನನಗಿರುವ ನಿಜವಾದ ಕೊರಗು. ನೀವು ಈಗಲೇ ಕೇಳುತ್ತಿದ್ದೀರಿ, ಆದ್ದರಿಂದ ನಿಮಗೆ ಆ ಕೊರಗು ಉಳಿಯಬೇಕಾಗಿಲ್ಲ.

ಒಂದು ಮಾತು ಬಿಟ್ಟುಹೋಯಿತು. 2024ರ ಆರಂಭದಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾಗಾಗಿ ಈಗ ಪ್ರತಿ ಕೇಂದ್ರದಲ್ಲೂ ಎಣಿಕೆ ನಡೆಯುತ್ತಿದೆ. ಎಣಿಸಿದ್ದನ್ನು ಓದಿ ಅರ್ಥಮಾಡಿಕೊಳ್ಳುವವರು ಕೇಂದ್ರದಲ್ಲೇ ಇರಬೇಕು.

ಕುಕ್ಕರಹಳ್ಳಿ (ಉತ್ತರ)

ನಾನು ಮೈಸೂರಿನಲ್ಲಿ ವೈದ್ಯಕೀಯ ಅಧ್ಯಾಪಕನಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದ್ದೇನೆ. ಎರಡು ದೋಣಿಯ ಸಲಹೆಯನ್ನು ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರುತ್ತಾರೆ, ಆದರೆ ನಮ್ಮ ಊರಿನ ಅನುಭವ ಅದಕ್ಕೆ ವಿರುದ್ಧವಾಗಿದೆ.

ಮೈಸೂರಿನ ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ 1934ರಿಂದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿಯಿತ್ತು. ಬರೆದವರು ಯಾವ ಸಂಶೋಧನೆಯನ್ನೂ ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು, ಅಷ್ಟೆ. ಅರ್ಧ ಶತಮಾನದ ನಂತರ ಸಂಶೋಧಕರು ಆ ಹಳೆಯ ಪುಸ್ತಕಗಳನ್ನು ತೆರೆದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಸುತ್ತಮುತ್ತ ವಾಸಿಸುತ್ತಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 45 ವರ್ಷ ದಾಟಿದವರಲ್ಲಿ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ಅದು ಶೇ. 3 ಮಾತ್ರ. 1996ರಲ್ಲಿ ಇದು ಪ್ರಕಟವಾದಾಗ, ಗರ್ಭದಲ್ಲಿನ ಪೋಷಣೆಗೂ ಮಧ್ಯವಯಸ್ಸಿನ ಹೃದಯಕ್ಕೂ ಸಂಬಂಧವಿದೆ ಎಂಬ ವಾದಕ್ಕೆ ಭಾರತದಿಂದ ಬಂದ ಮುಖ್ಯ ಪುರಾವೆಗಳಲ್ಲಿ ಅದೂ ಒಂದಾಯಿತು. ಆ ಅಧ್ಯಯನದ ಮೊದಲ ಕೆಲಸಗಾರರು ತಕ್ಕಡಿಯ ಮುಂದೆ ನಿಂತಿದ್ದ ದಾದಿಯರು ಎಂದು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಕಬಿನಿವೈದ್ಯರೇ, ನಿಮ್ಮ ನೋಟ್‌ಬುಕ್ಕನ್ನು ಕಡೆಗಣಿಸಬೇಡಿ. ಹಳೆಯ ದಾಖಲೆಗಳನ್ನು ಬಳಸಿಕೊಳ್ಳಲು ಈಗಲೂ ನೈತಿಕ ಸಮಿತಿಗೆ ಅರ್ಜಿ ಹಾಕಬಹುದು. ಹೆಸರುಗಳನ್ನು ತೆಗೆದು, ಕಾಲಂಗಳು ಯಾವ ದಿನಾಂಕದಿಂದ ಶುರುವಾದವೆಂದು ಪ್ರಾಮಾಣಿಕವಾಗಿ ಬರೆದರೆ ಅಪೂರ್ಣ ದಾಖಲೆಗೂ ಬೆಲೆಯಿದೆ.

ಸಾಮಾನ್ಯ ವೈದ್ಯರೇ ಸಂಶೋಧಕರಾದ ಉದಾಹರಣೆ ಬೇಕೆಂದರೆ, ಇಂಗ್ಲೆಂಡಿನ ಯಾರ್ಕ್‌ಷೈರ್ ಕಣಿವೆಯ ಐಸ್‌ಗಾರ್ತ್ ಎಂಬ ಹಳ್ಳಿಯಲ್ಲಿದ್ದ ವಿಲಿಯಂ ಪಿಕಲ್ಸ್ ಇದ್ದಾರೆ. ಯಾರ ಮನೆಗೆ ಯಾರು ಹೋದರು, ಜಾತ್ರೆಗೆ ಯಾವ ದಿನ ಸೇರಿದರು ಎಂಬುದೆಲ್ಲ ಹಳ್ಳಿಯ ವೈದ್ಯನಿಗೆ ಗೊತ್ತಿರುತ್ತದೆಂಬ ಒಂದೇ ಬಲದಿಂದ, ಸೋಂಕಿನ ಕಾಮಾಲೆ ಹತ್ತಿದ ದಿನದಿಂದ ಕಾಣಿಸಿಕೊಳ್ಳುವವರೆಗಿನ ಅವಧಿಯನ್ನು ಅವರು ಲೆಕ್ಕ ಹಾಕಿದರು. ನಗರದ ಆಸ್ಪತ್ರೆಯಲ್ಲಿ ಆ ಲೆಕ್ಕ ಹಾಕಲು ಸಾಧ್ಯವೇ ಇರಲಿಲ್ಲ. 1952ರಲ್ಲಿ ಬ್ರಿಟನ್ನಿನಲ್ಲಿ ಸ್ಥಾಪನೆಯಾದ ಸಾಮಾನ್ಯ ವೈದ್ಯರ ಕಾಲೇಜಿಗೆ ಮೊದಲ ಅಧ್ಯಕ್ಷರಾದವರೂ ಅವರೇ. ನಮ್ಮ ದೇಶದಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಅಭಯ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿ, ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳನ್ನು ಮನೆಯಲ್ಲೇ ನೋಡಿಕೊಳ್ಳುವಂತೆ ಮಾಡಿದರೆ ಸಾವು ಎಷ್ಟು ಕಡಿಮೆಯಾಗಬಹುದೆಂದು ಅಳೆದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ನವಜಾತ ಶಿಶುಮರಣ ಶೇ. 62ರಷ್ಟು ಕಡಿಮೆಯಾಗಿತ್ತು. ಇಂದು ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಮಗುವನ್ನು ನೋಡುವ ಪದ್ಧತಿಯ ಬೇರು ಅಲ್ಲಿದೆ.

ದೂರವೇಕೆ, ನಿಮ್ಮ ಜಿಲ್ಲೆಯನ್ನೇ ನೋಡಿ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ಆರಂಭಿಸಿತ್ತು. ನಾಲೆಯ ನೀರಿನ ಜೊತೆಗೆ ಮಲೇರಿಯಾವೂ ಬಂದ ಕಾಲ ಅದು. ಸೇವೆಯೂ ಅಧ್ಯಯನವೂ ಒಟ್ಟಿಗೆ ನಡೆದ ಊರಿನಲ್ಲಿ ಕುಳಿತು ಅವೆರಡು ಬೇರೆ ಬೇರೆ ಎಂದು ನಾವು ಕಲಿಸುತ್ತಿದ್ದೇವೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೇ 1984ರಲ್ಲಿ ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಬಿನಿವೈದ್ಯರಿರುವ ತಾಲ್ಲೂಕಿನ ಹಾಡಿಗಳಲ್ಲಿಯೇ ಬೆಳೆಯಿತು ಎಂಬುದನ್ನೂ ನೆನಪಿಸಿಕೊಳ್ಳಬೇಕು.

ವಿದ್ಯಾರ್ಥಿಗಳ ಮನೋಭಾವದ ಬಗ್ಗೆ ಒಂದು ಮಾತು. ಮೊದಲ ವರ್ಷ ಸೇರಿದವರನ್ನು ಕೇಳಿದರೆ ಹಳ್ಳಿಗೆ ಹೋಗುತ್ತೇನೆನ್ನುವವರು ಹಲವರಿರುತ್ತಾರೆ. ಅಂತಿಮ ವರ್ಷಕ್ಕೆ ಬರುವಾಗ ಅವರು ಬೆರಳೆಣಿಕೆಯಷ್ಟು. ನಡುವೆ ಅವರಿಗೆ ಪಾಠ ಹೇಳಿದವರು ನಾವು. ವಾರ್ಡಿನಲ್ಲಿ ಬೆಳಗಿನ ಸುತ್ತಿನ ಹೊತ್ತಿಗೆ, 'ಪಿಎಚ್‌ಸಿಯವರು ಏನೋ ಕೊಟ್ಟು ಕಳಿಸಿದ್ದಾರೆ' ಎಂದು ಹಿರಿಯರೊಬ್ಬರು ಚೀಟಿಯನ್ನು ಪಕ್ಕಕ್ಕೆ ಸರಿಸುವುದನ್ನು ವಿದ್ಯಾರ್ಥಿ ನೋಡುತ್ತಾನೆ. ಆ ಒಂದು ಕೈ ಸನ್ನೆ, ನಾವು ಸಮುದಾಯ ವೈದ್ಯಕೀಯದ ತರಗತಿಯಲ್ಲಿ ಹೇಳುವ ಹತ್ತು ಉಪನ್ಯಾಸಗಳನ್ನು ಅಳಿಸಿಹಾಕುತ್ತದೆ. ನಾನೂ ಹಾಗೆ ಮಾಡಿದ್ದೇನೆ, ಅದಕ್ಕಾಗಿ ನನಗೆ ಪಶ್ಚಾತ್ತಾಪವಿದೆ. ಹಳ್ಳಿಯಲ್ಲಿ ಬೆಳೆದವರನ್ನು ಹೆಚ್ಚಾಗಿ ಸೇರಿಸಿಕೊಳ್ಳಿ, ಓದುವಾಗಲೇ ಗ್ರಾಮೀಣ ಆಸ್ಪತ್ರೆಗಳಲ್ಲಿ ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೇ ಸಲಹೆ ನೀಡಿದೆ. ನೀವು ಮೊದಲನೆಯ ಅರ್ಹತೆಯನ್ನು ಹುಟ್ಟಿನಿಂದಲೇ ಪಡೆದಿದ್ದೀರಿ.

ಏನು ಕಲಿಯಬೇಕೆಂದು ಕೇಳಿದ್ದೀರಿ. ಐಸಿಎಂಆರ್‌ನ ಆ ವಿದ್ಯಾರ್ಥಿವೇತನ 1979ರಿಂದ ನಡೆದುಬಂದಿದೆ, ನೀವು ಅದನ್ನು ಮುಗಿಸಿರುವುದು ಒಳ್ಳೆಯ ಆರಂಭ. ಮುಂದೆ ಸಂಖ್ಯಾಶಾಸ್ತ್ರದ ಸೂತ್ರಗಳಿಗಿಂತ ಮೊದಲು ಅಧ್ಯಯನದ ವಿನ್ಯಾಸವನ್ನು ಕಲಿಯಿರಿ. ಯಾರನ್ನು ಯಾರೊಂದಿಗೆ ಹೋಲಿಸುತ್ತಿದ್ದೇವೆ ಎಂಬುದೇ ಮೊದಲ ಪ್ರಶ್ನೆ. ಚಿಕಿತ್ಸೆಯನ್ನು ಹೋಲಿಸುವ ಪ್ರಯೋಗ ಮಾಡುವುದಾದರೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಅದನ್ನು 2007ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಒಪ್ಪಿಗೆ ಪತ್ರವನ್ನು ನಿಮ್ಮ ಅಜ್ಜಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿ ಬರೆಯಲು ಅಭ್ಯಾಸ ಮಾಡಿ. ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಒಪ್ಪಿಗೆ ಪತ್ರಗಳನ್ನು ಸಮಿತಿಯಲ್ಲಿ ಕುಳಿತು ನೂರಾರು ಓದಿದ್ದೇನೆ. ಅವುಗಳಿಗೆ ಸಹಿ ಹಾಕಿದವರು ಯಾವುದಕ್ಕೆ ಒಪ್ಪಿದರು ಎಂಬುದು ಅವರಿಗೇ ಗೊತ್ತಿರಲಾರದು.

ಇರುವಂತಿಗೆ (ಉತ್ತರ)

ಮೇಲಿನ ಇಬ್ಬರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಈ ವಿದ್ಯಾರ್ಥಿನಿಗೆ ಇನ್ನೊಂದು ಬದಿಯೂ ತಿಳಿದಿರಬೇಕು. ನಾನು 2012ರ ಕಡ್ಡಾಯ ಸೇವಾ ಕಾಯ್ದೆಯಂತೆ ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಿ, ಆಮೇಲೆ ಬಿಟ್ಟು ಬಂದು, ಈಗ ಮೈಸೂರಿನಲ್ಲಿ ಜನರಲ್ ಮೆಡಿಸಿನ್‌ನಲ್ಲಿದ್ದೇನೆ. ಹೋಗುವಾಗ ನನ್ನ ಮನೋಭಾವ ನಿಮ್ಮದರಂತೆಯೇ ಇತ್ತು.

ವಸತಿಗೃಹದ ಹಿಂಬಾಗಿಲಿಗೆ ಚಿಲಕವಿರಲಿಲ್ಲ. ಮೂರು ಪತ್ರ ಬರೆದ ಮೇಲೆ ನನ್ನ ತಂದೆಯೇ ಬಂದು ಹಾಕಿಸಿದರು. ಇದನ್ನು ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಬೇರೆಯಿತ್ತು. ಒಂದು ರಾತ್ರಿ ಎದೆನೋವಿನಿಂದ ಬಂದ ಐವತ್ತರ ಆಸುಪಾಸಿನ ವ್ಯಕ್ತಿ, 108ರ ವಾಹನ ಬರುವ ಮೊದಲೇ ತೀರಿಕೊಂಡರು. ಇಪ್ಪತ್ತು ಮೂವತ್ತು ಜನ ಕೇಂದ್ರದ ಮುಂದೆ ಸೇರಿದರು. ಒಳಗೆ ನಾನು, ಒಬ್ಬ ಸ್ಟಾಫ್ ನರ್ಸ್, ಒಂದು ಇಸಿಜಿ ಕಾಗದ. ನಾನು ಸರಿಯಾದದ್ದನ್ನೇ ಮಾಡಿದೆನೇ ಎಂದು ಕೇಳಲು ಒಬ್ಬ ಹಿರಿಯರ ದೂರವಾಣಿ ಸಂಖ್ಯೆಯೂ ನನ್ನಲ್ಲಿರಲಿಲ್ಲ. ಬೆಳಗಾಗುವವರೆಗೆ ಆ ಇಸಿಜಿಯನ್ನು ನೋಡುತ್ತ ಕುಳಿತಿದ್ದೆ. ಹಳ್ಳಿ ಬೇಡವೆನ್ನುವ ವಿದ್ಯಾರ್ಥಿಗಳು ಸೌಕರ್ಯಕ್ಕಾಗಿ ಹಾಗೆನ್ನುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ನನಗೆ ಕಾಡಿದ್ದು ಸಿನಿಮಾ ಮಂದಿರ ಇಲ್ಲದಿರುವುದಲ್ಲ, ತೀರ್ಮಾನವನ್ನು ಒಬ್ಬಳೇ ಹೊರಬೇಕಾದ ಒಂಟಿತನ.

ವಿದ್ಯಾರ್ಥಿಗಳ ಮನೋಭಾವ ಅಳೆಯುವ ಪ್ರಶ್ನಾವಳಿಗಳನ್ನು ನಾನೂ ತುಂಬಿಸಿದ್ದೇನೆ. ಹಳ್ಳಿಗೆ ಹೋಗಲು ಸಿದ್ಧರಿದ್ದೀರಾ, ಹೌದು ಅಥವಾ ಇಲ್ಲ. ಯಾವ ಏರ್ಪಾಡು ಇದ್ದರೆ ಐದು ವರ್ಷ ಅಲ್ಲಿಯೇ ಉಳಿಯುತ್ತೀರಿ ಎಂದು ಯಾರೂ ಕೇಳಲಿಲ್ಲ. ಒಂದು ವರ್ಷದ ಕಡ್ಡಾಯ ಸೇವೆಯಲ್ಲಿ ದಿನ ಎಣಿಸುವುದಷ್ಟೇ ನಡೆಯುತ್ತದೆ. ರೋಗಿಯೊಂದಿಗೆ ಸಂಬಂಧ ಬೆಳೆಯುವುದಿಲ್ಲ, ಸಂಶೋಧನೆಯಂತೂ ದೂರದ ಮಾತು, ಏಕೆಂದರೆ ಒಬ್ಬ ಮಧುಮೇಹಿಯನ್ನು ನಾಲ್ಕು ಸಲ ನೋಡುವಷ್ಟರಲ್ಲಿ ಬಿಡುಗಡೆಯ ಆದೇಶ ಬಂದಿರುತ್ತದೆ.

ನೀವು ಹೋಗುವುದಾದರೆ ಸೇರುವ ಮೊದಲೇ ಕೇಳಿಕೊಳ್ಳಿ: ಎರಡನೆಯ ವೈದ್ಯರಿದ್ದಾರೆಯೇ, ರಾತ್ರಿ ಯಾರು ಇರುತ್ತಾರೆ, ತಾಲ್ಲೂಕು ಆಸ್ಪತ್ರೆಯ ಯಾವ ಫಿಜಿಷಿಯನ್ ನಿಮ್ಮ ಕರೆಯನ್ನು ತೆಗೆದುಕೊಳ್ಳುತ್ತಾರೆ. ಸಾಧ್ಯವಾದರೆ ಸಹಪಾಠಿಯೊಬ್ಬಳನ್ನು ಜೊತೆಗೆ ಒಪ್ಪಿಸಿ ಹತ್ತಿರದ ಎರಡು ಕೇಂದ್ರಗಳನ್ನು ಕೇಳಿ ಪಡೆಯಿರಿ. ನಿಮ್ಮ ಆಸೆಯನ್ನು ಕುಂದಿಸಲು ಇದನ್ನು ಬರೆಯುತ್ತಿಲ್ಲ. ನಾನು ಬಿಟ್ಟು ಬಂದ ಊರಿನ ಜನ ಇಂದಿಗೂ ಮೈಸೂರಿಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ, ಆಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹೇಮಾವತಿ ನಾಲೆ (ಉತ್ತರ)

ನಾನು ವೈದ್ಯಳಲ್ಲ, ಕೃಷ್ಣರಾಜಪೇಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ಅಮ್ಮನಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಅವರ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇವೆ. ವರ್ಷಕ್ಕೊಮ್ಮೆ ವೈದ್ಯರು ಬದಲಾಗುತ್ತಾರೆ, ಬಂದವರು 'ಎಷ್ಟು ವರ್ಷದಿಂದ ಇದೆಯಮ್ಮಾ' ಎಂದು ಮೊದಲಿನಿಂದ ಕೇಳುತ್ತಾರೆ. ಅಮ್ಮ ಈಗ ಆ ಪ್ರಶ್ನೆಗೆ ಉತ್ತರವನ್ನೇ ಹೇಳುವುದಿಲ್ಲ, ಕವರನ್ನು ಮುಂದಿಡುತ್ತಾರೆ. ಒಬ್ಬ ವೈದ್ಯೆ ಮೂರು ವರ್ಷ ಇದ್ದರು. ಅಮ್ಮನ ಕಾಲಿನ ಹುಣ್ಣು ಒಣಗಿದ್ದು ಆಗಲೇ. ಮದ್ದು ಬೇರೆಯಾಗಿರಲಿಲ್ಲ. ಹೋದ ಸಲ ಹುಣ್ಣು ಎಷ್ಟಿತ್ತು ಎಂಬುದು ಅವರಿಗೆ ನೆನಪಿರುತ್ತಿತ್ತು.

ಸಂಶೋಧನೆಯ ಬಗ್ಗೆಯೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮೂರಿಗೆ ಒಂದು ತಂಡ ಬಂದು, ದೇವಸ್ಥಾನದ ಜಗಲಿಯಲ್ಲಿ ಕುಳಿತು, ಮನೆಗೆ ಒಬ್ಬರಂತೆ ರಕ್ತ ತೆಗೆದುಕೊಂಡು ಹೋಯಿತು. ಹೆಂಗಸರು ಕೂಲಿ ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದರು. ಅದರ ಫಲಿತಾಂಶ ಏನಾಯಿತೆಂದು ಇವತ್ತಿನವರೆಗೂ ನಮಗೆ ಯಾರೂ ಬಂದು ಹೇಳಿಲ್ಲ. ಆಮೇಲೆ ಇನ್ನೊಂದು ತಂಡ ಬಂದಾಗ ಜನ ಬಾಗಿಲು ತೆಗೆಯಲಿಲ್ಲ, ಅದಕ್ಕೆ ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ ಎಂದು ಬರೆದುಕೊಂಡು ಹೋದರಂತೆ. ನಿಮ್ಮ ಮಾತ್ರೆಯ ಅಧ್ಯಯನದಲ್ಲಿ ಉತ್ತರ ಕೊಟ್ಟವರಿಗೆ ನೀವು ತಿಳಿದುಕೊಂಡದ್ದನ್ನು ತಿರುಗಿ ಹೋಗಿ ಹೇಳಿದ್ದೀರಾ?

ಕಬಿನಿವೈದ್ಯ (ಉತ್ತರ)

ಇರುವಂತಿಗೆ ಅವರೇ, ನೀವು ಬರೆದ ರಾತ್ರಿಯಂಥ ರಾತ್ರಿಗಳನ್ನು ನಾನೂ ಕಂಡಿದ್ದೇನೆ. ನನಗೆ ಉಳಿಯಲು ಸಾಧ್ಯವಾದದ್ದು ಧೈರ್ಯದಿಂದಲ್ಲ. ಪಕ್ಕದ ಕೇಂದ್ರದಲ್ಲಿ ನನ್ನ ಸಹಪಾಠಿಯೇ ಇದ್ದ, ರಾತ್ರಿ ಯಾವ ಹೊತ್ತಿನಲ್ಲಿ ಕರೆದರೂ ಎತ್ತುತ್ತಿದ್ದ. ಅದನ್ನು ಮೊದಲ ಉತ್ತರದಲ್ಲಿ ಬರೆಯದೆ ಬಿಟ್ಟದ್ದು ನನ್ನ ತಪ್ಪು. ಕುಕ್ಕರಹಳ್ಳಿ ಅವರೇ, ನೋಟ್‌ಬುಕ್ಕಿನ ವಿಷಯದಲ್ಲಿ ನೀವು ಹೇಳಿದಂತೆ ಮೊದಲು ಕಾಲಂಗಳ ದಿನಾಂಕಗಳನ್ನು ಪಟ್ಟಿ ಮಾಡುತ್ತೇನೆ. ಅರ್ಜಿಯ ನಮೂನೆ ತುಂಬುವಾಗ ನಿಮ್ಮ ಸಹಾಯ ಬೇಕಾಗುತ್ತದೆ.

ಶಿಂಷಾತೀರ (ಪ್ರಶ್ನೆ ಕೇಳಿದವರು)

ನಿಮ್ಮೆಲ್ಲರ ಉತ್ತರಗಳನ್ನು ಎರಡು ಸಲ ಓದಿದೆ. ಹೇಮಾವತಿ ನಾಲೆಯವರ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಹೇಳಿಲ್ಲ. ವರದಿಯನ್ನು ದೆಹಲಿಗೆ ಕಳುಹಿಸಿದೆ, ಪ್ರಮಾಣಪತ್ರ ಬಂತು, ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಬರುವ ಭಾನುವಾರ ಆ ಹಳ್ಳಿಗೆ ಹೋಗುತ್ತಿದ್ದೇನೆ. ಆಶಾ ಅಕ್ಕನಿಗೆ ಈಗಾಗಲೇ ಫೋನ್ ಮಾಡಿದ್ದೇನೆ. ಹಾಲಿನ ಡೇರಿಯ ಮುಂದೆ ಸಂಜೆ ಹಾಲು ಹಾಕಲು ಜನ ಸೇರಿದಾಗ ಮಾತಾಡಬಹುದು ಎಂದಿದ್ದಾರೆ. ಒಂದೇ ಮದ್ದಿನ ಬೇರೆ ಬೇರೆ ಬಣ್ಣದ ಮಾತ್ರೆಗಳನ್ನು ಒಂದು ರಟ್ಟಿಗೆ ಅಂಟಿಸಿಕೊಂಡು ಹೋಗಿ ತೋರಿಸುವ ಯೋಚನೆಯಿದೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೆಲವು ಮನೆಗಳ ಆರೋಗ್ಯವನ್ನು ಗಮನಿಸಲು ಒಪ್ಪಿಸುವ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ನನಗೆ ವಹಿಸಿದ ಮನೆಗಳಿಗೆ ಮೊದಲ ವರ್ಷದಿಂದಲೂ ಹೋಗುತ್ತಿದ್ದೇನೆ. ಅಲ್ಲಿ ನಾಲ್ವರು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೌಸ್ ಸರ್ಜನ್ಸಿ (ಅಂತಿಮ ವರ್ಷದ ನಂತರದ ಆಸ್ಪತ್ರೆ ತರಬೇತಿ) ಮುಗಿಯುವವರೆಗೂ ಅವರನ್ನು ನೋಡಿಕೊಂಡು, ಹೊಸ ಬಣ್ಣದ ಮಾತ್ರೆ ಕೊಟ್ಟ ತಿಂಗಳಲ್ಲಿ ಅವರು ಏನು ಮಾಡುತ್ತಾರೆಂದು ಬರೆದಿಡಬೇಕೆಂದಿದ್ದೇನೆ. ನಾಲ್ವರಿಂದ ಏನೂ ಸಾಬೀತಾಗದು ಎಂಬುದು ಗೊತ್ತಿದೆ. ಕುಕ್ಕರಹಳ್ಳಿ ಅವರೇ, ಹೀಗೆ ಬರೆದಿಡುವುದಕ್ಕೂ ಮೊದಲೇ ನೈತಿಕ ಸಮಿತಿಗೆ ಅರ್ಜಿ ಹಾಕಬೇಕೇ, ಅಥವಾ ಇದನ್ನು ಕಲಿಕೆಯ ಭಾಗವೆಂದು ಪರಿಗಣಿಸುತ್ತಾರೆಯೇ? ಕಬಿನಿವೈದ್ಯರ ಕೊರಗು ನನಗೂ ಉಳಿಯಬಾರದೆಂದು ಈಗಲೇ ಕೇಳುತ್ತಿದ್ದೇನೆ.

ಬಸ್ಸಿನಲ್ಲಿ ಕೈ ಹಿಡಿದು ಕೇಳಿದ ಗೆಳತಿಗೆ ಈ ಪುಟವನ್ನು ತೋರಿಸಿದೆ. ಅವಳು ಇರುವಂತಿಗೆ ಅವರ ಉತ್ತರವನ್ನು ಬಹಳ ಹೊತ್ತು ಓದಿದಳು. ಆಮೇಲೆ, ಮಳವಳ್ಳಿ ಕಡೆ ಒಂದಕ್ಕೊಂದು ಹತ್ತಿರವಿರುವ ಎರಡು ಕೇಂದ್ರಗಳು ಯಾವುವು ಎಂದು ಕೇಳಿದಳು.